ಗಲ್ಲಾದ ಹಿಂದೆ ಕುಳಿತ ಪತ್ತೇದಾರ

ಸಣ್ಣ ಊರು. ಅಲ್ಲೊಂದು ಬೇಕರಿಯೋ, ಪುಸ್ತಕದ ಅಂಗಡಿಯೋ, ಹೊಲಿಗೆ ಸಾಮಾನಿನ ಅಂಗಡಿಯೋ. ನಡೆಸುವವರು ನಡುವಯಸ್ಸು ದಾಟಿದ ಹೆಂಗಸು ಅಥವಾ ವ್ಯಾಪಾರದಲ್ಲಿ ತಲೆ ನೆರೆತ ಗಂಡಸು. ಊರಲ್ಲಿ ಒಂದು ಸಾವಾಗುತ್ತದೆ. ಪೊಲೀಸರು ಕೈಗೆ ಸಿಕ್ಕವನನ್ನು ಹಿಡಿಯುತ್ತಾರೆ. ಹಿಡಿದವನು ತಪ್ಪಿತಸ್ಥನಲ್ಲ ಎಂದು ಅಂಗಡಿಯವರಿಗೆ ಮಾತ್ರ ಅನಿಸುತ್ತದೆ. ಅಲ್ಲಿಂದ ಅವರ ಹುಡುಕಾಟ ಶುರು. ಇಂಗ್ಲಿಷಿನಲ್ಲಿ ಕೋಜಿ ಮಿಸ್ಟರಿ ಎಂದು ಕರೆಸಿಕೊಳ್ಳುವ ಈ ಬಗೆಯ ಕಾದಂಬರಿಗಳು ಕಳೆದ ನಾಲ್ಕು ದಶಕಗಳಲ್ಲಿ ಸಾಲುಸಾಲಾಗಿ ಬಂದಿವೆ. ರಕ್ತಪಾತ ಓದುಗನ ಕಣ್ಣಿಗೆ ಬೀಳುವುದಿಲ್ಲ. ಬಂದೂಕು, ಬೆನ್ನಟ್ಟುವಿಕೆ ಕಡಿಮೆ. ಮಾತು, ನೆನಪು, ನೆರೆಹೊರೆಯ ಪರಿಚಯ ಇವೇ ಬಂಡವಾಳ.

ಇಂಥ ಕಥೆ ಕನ್ನಡಕ್ಕೆ ಒಗ್ಗುತ್ತದೆಯೇ? ಒಗ್ಗುವುದಾದರೆ ಯಾವ ಊರಿನಲ್ಲಿ ಬೇರು ಬಿಟ್ಟೀತು? ನನ್ನ ಉತ್ತರ ಬೀದರ್, ಭಾಲ್ಕಿ, ಔರಾದ್. ಅದಕ್ಕೆ ಕಾರಣ ಆ ಸೀಮೆಯ ಅಂಗಡಿಗಳಲ್ಲಿದೆ, ಆ ಸೀಮೆಗೆ ತಟ್ಟಿದ ಎರಡು ಸಾವುಗಳಲ್ಲೂ ಇದೆ.

ಮೊದಲು ಈ ಪ್ರಕಾರದ ಮೂಲವನ್ನು ನೋಡೋಣ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಕಾದಂಬರಿಗೆ ಬಂದದ್ದು 1930ರಲ್ಲಿ. ಆಕೆ ಅಂಗಡಿಕಾರಳಲ್ಲ, ಹಳ್ಳಿಯಲ್ಲಿ ಒಬ್ಬಳೇ ಇರುವ ವಯಸ್ಸಾದ ಹೆಂಗಸು. ಆದರೆ ಮುಂದೆ ಬಂದ ಅಂಗಡಿಕಾರ ಪತ್ತೇದಾರರೆಲ್ಲ ನಡೆದದ್ದು ಆಕೆ ಹಾಕಿಕೊಟ್ಟ ದಾರಿಯಲ್ಲೇ. ಆಕೆಯ ರೀತಿ ಸರಳ. ಎದುರಿಗಿರುವ ಅಪರಿಚಿತನನ್ನು ನೋಡಿದ ಕೂಡಲೇ ತನ್ನ ಹಳ್ಳಿಯ ಯಾರೋ ಒಬ್ಬರು ಆಕೆಗೆ ನೆನಪಾಗುತ್ತಾರೆ. ಸುಳ್ಳು ಹೇಳಿದ ಒಬ್ಬ ಹುಡುಗ, ಕದ್ದು ಸಿಕ್ಕಿಬಿದ್ದ ಒಬ್ಬ ಕೆಲಸದವಳು, ಹೀಗೆ. ಮನುಷ್ಯ ಸ್ವಭಾವ ಎಲ್ಲೆಡೆ ಒಂದೇ, ಹಳ್ಳಿಯಲ್ಲಿ ಅದನ್ನು ಹತ್ತಿರದಿಂದ ನೋಡಲು ಬರುತ್ತದೆ ಎಂಬುದು ಆಕೆಯ ನಂಬಿಕೆ. ಅದೇ ಕಾಲಕ್ಕೆ, 1929ರಲ್ಲಿ, ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಆಕಸ್ಮಿಕ ಅವನ ನೆರವಿಗೆ ಬರಕೂಡದು ಎಂಬುವು ಅವುಗಳಲ್ಲಿ ಮುಖ್ಯ. ನಮ್ಮ ಹತ್ತಿರದ ಬಂಗಾಳದಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ ಬಕ್ಷಿ 1932ರಲ್ಲಿ ಹುಟ್ಟಿದ, ಸತ್ಯಜಿತ್ ರಾಯ್ ಅವರ ಫೆಲೂದಾ 1965ರಲ್ಲಿ. ಇಬ್ಬರೂ ಕಲ್ಕತ್ತೆಯವರು, ಬುದ್ಧಿಜೀವಿಗಳು. ನನಗೆ ಬೀದರ್ ಸೀಮೆಗೆ ಇವರಿಗಿಂತ ಹತ್ತಿರ ಅನಿಸುವವಳು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ 1998ರಲ್ಲಿ ಸೃಷ್ಟಿಸಿದ ಬೋಟ್ಸ್ವಾನಾದ ಪ್ರೆಷಸ್ ರಾಮೋಟ್ಸ್ವೆ. ತಂದೆ ಬಿಟ್ಟುಹೋದ ದನಗಳನ್ನು ಮಾರಿ ಪತ್ತೇದಾರಿ ಕಚೇರಿ ತೆರೆದವಳು. ದೇವಣಿ ದನ ಸಾಕಿ, ಮಗಳ ಮದುವೆಗೋ ಮಗನ ಅಂಗಡಿಗೋ ಒಂದು ಜೋಡಿ ಮಾರುವ ಔರಾದ್ ಕಡೆಯ ರೈತನಿಗೆ ಆಕೆಯನ್ನು ಪರಿಚಯ ಮಾಡಿಕೊಡುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಕನ್ನಡ. ನಮ್ಮಲ್ಲಿ ಪತ್ತೇದಾರಿ ಕಾದಂಬರಿಗೆ ಬರವೇನೂ ಇರಲಿಲ್ಲ. ಎನ್. ನರಸಿಂಹಯ್ಯನವರು ಒಬ್ಬರೇ 500ಕ್ಕೂ ಹೆಚ್ಚು ಬರೆದರು. ನಾಲ್ಕನೆಯ ತರಗತಿಯವರೆಗಷ್ಟೇ ಓದಿದ್ದ ಅವರ ಪುರುಷೋತ್ತಮ, ಮಧುಸೂದನ, ಅರಿಂಜಯರು ಬಸ್ ನಿಲ್ದಾಣದ ಪುಸ್ತಕದಂಗಡಿಯಿಂದ ಬಾಡಿಗೆ ಲೈಬ್ರರಿಯವರೆಗೆ ಎಲ್ಲೆಡೆ ಇದ್ದರು. ಕನ್ನಡ ಓದುವುದನ್ನೇ ಆ ಪುಸ್ತಕಗಳಿಂದ ರೂಢಿ ಮಾಡಿಕೊಂಡವರು ಸಾವಿರಾರು ಜನ. 2011ರಲ್ಲಿ ಅವರು ತೀರಿಕೊಂಡಾಗ ವಿಮರ್ಶೆಯ ಲೋಕ ಅವರಿಗೆ ಸಲ್ಲಿಸಬೇಕಾದ ಬಾಕಿ ಹಾಗೇ ಉಳಿದಿತ್ತು, ಈಗಲೂ ಉಳಿದಿದೆ. ಆದರೂ ಒಂದು ಮಾತು ಹೇಳಲೇಬೇಕು. ಆ ನಾಯಕರು ವೃತ್ತಿಪರರು. ಅವರು ಹೊರಗಿನಿಂದ ಊರಿಗೆ ಬರುತ್ತಾರೆ, ಗುಟ್ಟು ಬಿಡಿಸುತ್ತಾರೆ, ಹೊರಟುಹೋಗುತ್ತಾರೆ. ಊರು ಅವರಿಗೆ ಬರೀ ಹಿನ್ನೆಲೆ.

ಊರನ್ನೇ ಕಥೆಯ ಮೈ ಮಾಡಿದವರು ಪೂರ್ಣಚಂದ್ರ ತೇಜಸ್ವಿ. 1985ರ ‘ಚಿದಂಬರ ರಹಸ್ಯ’ದಲ್ಲಿ ಕೆಸರೂರಿನ ಏಲಕ್ಕಿ ಬೆಳೆ ಯಾಕೆ ಕುಸಿಯಿತು, ವಿಜ್ಞಾನಿಯೊಬ್ಬನ ಸಾವು ಹೇಗಾಯಿತು ಎಂದು ಹುಡುಕಲು ಗುಪ್ತಚರ ಇಲಾಖೆಯ ಅಧಿಕಾರಿ ಬರುತ್ತಾನೆ. ಬಂದವನ ಕಣ್ಣ ಮುಂದೆಯೇ ಊರಿನ ಜಾತಿ, ಮತ, ವ್ಯಾಪಾರ, ಪ್ರೇಮ ಎಲ್ಲವೂ ಒಂದಕ್ಕೊಂದು ಸಿಕ್ಕಿಕೊಂಡು ಕೊನೆಗೆ ಬೆಂಕಿಯೇ ಬರುತ್ತದೆ. ಸಣ್ಣ ಊರಿನ ರಹಸ್ಯ ಕಾದಂಬರಿ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. 1994ರ ‘ಜುಗಾರಿ ಕ್ರಾಸ್’ನಲ್ಲಿ ಗುಟ್ಟಿನ ಬಲೆಗೆ ಬೀಳುವವರು ಗಂಡ-ಹೆಂಡತಿ, ಸಾಮಾನ್ಯ ಬೆಳೆಗಾರರು. ಸಿನಿಮಾದಲ್ಲಿ 2019ರ ‘ಬೆಲ್ ಬಾಟಂ’ ಬಂತು, ಪತ್ತೇದಾರಿ ಕಾದಂಬರಿ ಓದಿ ಬೆಳೆದ ಹುಡುಗನ ಕಥೆ. ಹೀಗೆ ಮಲೆನಾಡಿಗೂ ಬೆಂಗಳೂರಿಗೂ ಅವರವರ ರಹಸ್ಯ ಕಥೆಗಳು ದಕ್ಕಿದವು. ಕಲ್ಯಾಣ ಕರ್ನಾಟಕದ ತುತ್ತತುದಿಯ ಅಂಗಡಿಯಲ್ಲಿ ಮಾತ್ರ ಪತ್ತೇದಾರನ ಕುರ್ಚಿ ಖಾಲಿ ಇದೆ.

ಅಂಗಡಿಯೇ ಯಾಕೆ ಅಂದರೆ, ಕಿರಾಣಿ ಅಂಗಡಿಯವನಿಗೆ ಗೊತ್ತಿರುವಷ್ಟು ಒಂದು ಓಣಿಯ ಒಳಗುಟ್ಟು ಯಾವ ಪೇದೆಗೂ ಗೊತ್ತಿರುವುದಿಲ್ಲ. ಔರಾದ್, ಭಾಲ್ಕಿ ಕಡೆ ಸೋಯಾ ಬಂದ ಮೇಲೆ ಒಂದಿಷ್ಟು, ತೊಗರಿ ಬಂದ ಮೇಲೆ ಉಳಿದದ್ದು ಎಂದು ಉದ್ರಿ ತೀರುವ ಪದ್ಧತಿ. ಅಲ್ಲಿಯವರೆಗೆ ಉಪ್ಪು, ಎಣ್ಣೆ, ಚಹಾಪುಡಿ, ಸಾಬೂನು ಎಲ್ಲವೂ ಖಾತೆ ಪುಸ್ತಕಕ್ಕೆ ಏರುತ್ತವೆ. ಯಾವ ಮನೆಯಲ್ಲಿ ಈ ತಿಂಗಳು ಎಣ್ಣೆ ಕಡಿಮೆಯಾಯಿತು, ಯಾರು ಬೀಡಿ ಬಿಟ್ಟು ಸಿಗರೇಟಿಗೆ ಹತ್ತಿದರು, ಯಾರು ಹಳೇ ಬಾಕಿಯನ್ನು ಒಮ್ಮೆಲೇ ನಗದಾಗಿ ತೀರಿಸಿದರು ಎನ್ನುವುದೆಲ್ಲ ಆ ಪುಸ್ತಕದಲ್ಲಿ ಇಸವಿ, ತಾರೀಖು ಸಮೇತ ಇರುತ್ತದೆ.

ಒಂದು ಕಥೆ ಹೀಗೆ ಶುರುವಾಗಬಹುದು. ಔರಾದಿನಲ್ಲಿ ಗಂಡ ತೀರಿದ ಮೇಲೆ ಅಂಗಡಿ ನೋಡಿಕೊಳ್ಳುವ ಒಬ್ಬ ಹೆಂಗಸು, ಓಣಿಗೆಲ್ಲ ಕಾಕಿ. ಸಂಜೆ ಹೊತ್ತಿಗೆ ಒಬ್ಬ ಹುಡುಗ ಬರುತ್ತಾನೆ.

“ಕಾಕಿ, ಪಾವ್ ಕಿಲೋ ಸಕ್ರಿ ಕೊಡ್ರಿ. ಒಂದು ತಂಬಾಕ ಪುಡಿ, ಸುಣ್ಣದ ಡಬ್ಬಿ ಭೀ.”

“ಯಾಕಪಾ, ನಿಮ್ಮ ಮನ್ಯಾಗ ಯಾರಾದ್ರು ಬಂದಾರೇನು?”

“ಯಾರೂ ಬಂದಿಲ್ರಿ.”

ಕಾಕಿ ಮತ್ತೇನೂ ಕೇಳುವುದಿಲ್ಲ. ಪುಡಿಕೆ ಕಟ್ಟಿ ಕೊಟ್ಟು ಖಾತೆಯಲ್ಲಿ ಬರೆದುಕೊಳ್ಳುತ್ತಾಳೆ. ಆ ಮನೆಯಲ್ಲಿ ತಂಬಾಕು ತಿನ್ನುವವರು ಒಬ್ಬರೂ ಇಲ್ಲವೆನ್ನುವುದು ಹದಿನೈದು ವರ್ಷದ ಖಾತೆಯಿಂದ ಆಕೆಗೆ ಗೊತ್ತು. ಸುಣ್ಣದ ಡಬ್ಬಿ ಆ ಹೆಸರಿನ ಕೆಳಗೆ ಬಂದದ್ದು ಇದೇ ಮೊದಲು. ಓದುಗನಿಗೂ ಅದು ಗೊತ್ತಾಗಿದೆ. ನಾಕ್ಸ್ ಕೇಳಿದ ನ್ಯಾಯ ಇಲ್ಲಿಗೆ ಸಂದಿತು. ಬಚ್ಚಿಟ್ಟುಕೊಂಡವನು ಕೊಲೆಗಾರನೋ, ಕೊಲೆ ನೋಡಿದವನೋ, ಸಾಲಗಾರರಿಗೆ ಹೆದರಿ ಬಂದ ಅಳಿಯನೋ ಎನ್ನುವುದು ಮುಂದಿನ ಇನ್ನೂರು ಪುಟದ ಕೆಲಸ.

ಈ ಸೀಮೆಯ ಇನ್ನೊಂದು ಸಂಪತ್ತು ಗಡಿ. ಔರಾದ್ ಕರ್ನಾಟಕದ ಉತ್ತರದ ಕೊನೆ. ಒಂದು ಕಡೆ ಮಹಾರಾಷ್ಟ್ರದ ಉದಗೀರ, ಇನ್ನೊಂದು ಕಡೆ ತೆಲಂಗಾಣದ ನಾರಾಯಣಖೇಡ. 1956ರ ನವೆಂಬರ್ 1ರವರೆಗೆ ಇವೆಲ್ಲ ಹೈದರಾಬಾದ್ ರಾಜ್ಯದ ಒಂದೇ ಬೀದರ್ ಜಿಲ್ಲೆ. ಆ ದಿನ ಉದಗೀರ, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯಕ್ಕೆ ಹೋದವು, ಝಹೀರಾಬಾದ್, ನಾರಾಯಣಖೇಡ ಆಂಧ್ರಪ್ರದೇಶಕ್ಕೆ ಹೋದವು, ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ಬೀಗರು, ಹೊಲ, ಕೊಡು-ಕೊಳ್ಳುವ ಲೆಕ್ಕ ಮೂರು ರಾಜ್ಯಗಳಲ್ಲಿ ಹರಿದು ಹಂಚಿಹೋದವು. ಹೀಗಾಗಿ ಈ ಭಾಗದ ಅಂಗಡಿಯವನು ಗಿರಾಕಿ ಬಾಯಿ ತೆರೆಯುವ ಮೊದಲೇ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಲೆಕ್ಕ ಹಾಕಿರುತ್ತಾನೆ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ನಾಲ್ಕೂ ಅವನ ನಾಲಿಗೆಯ ಮೇಲಿವೆ. ದೂರದಿಂದ ಬಂದ ತನಿಖಾಧಿಕಾರಿಗೆ ದುಭಾಷಿ ಬೇಕು. ಇವನಿಗೆ ಬೇಡ.

ಹಳೆಯ ಕಾಗದಗಳೂ ಇಲ್ಲಿ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ನಿಜಾಮರ ಕಾಲದ ಹೊಲದ ಪತ್ರಗಳಲ್ಲಿ ಬರೆದಿರುವುದು ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಹತ್ತಿರದ ಇಸವಿ ಸಿಗುತ್ತದೆ. ಫಸಲಿ 1346 ಅಂದರೆ 1936ರ ಆಸುಪಾಸು. ಹೈದರಾಬಾದ್ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ನಡೆದದ್ದು 1948ರ ಸೆಪ್ಟೆಂಬರಿನಲ್ಲಿ. ಆ ವರ್ಷದ ಗದ್ದಲದಲ್ಲಿ ಕಳೆದ, ಸುಟ್ಟ, ತಿದ್ದಿದ ಕಾಗದಗಳ ನೆರಳು ಇವತ್ತಿನ ಹೊಲದ ವ್ಯಾಜ್ಯದ ಮೇಲೆ ಬೀಳುವ ಕಥೆಗೆ ಬೇರೆ ಜಿಲ್ಲೆಯಲ್ಲಿ ಇಷ್ಟು ಹದವಾದ ನೆಲ ಸಿಗದು. ಹೊರಗೊಂದು ಒಳಗೊಂದು ಎನ್ನುವುದು ಇಲ್ಲಿ ಒಮ್ಮೆ ಪುಣ್ಯದ ಕೆಲಸವೂ ಆಗಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಎಂಬುದು ಈ ಭಾಗದ ಮನೆಮನೆಯ ಮಾತು. ಗುಟ್ಟು ಕಾಪಾಡಿದವರೆಲ್ಲ ಕೆಟ್ಟವರಲ್ಲ ಎಂದು ತಿಳಿದ ಕಥೆಗಾರನೇ ಒಳ್ಳೆಯ ರಹಸ್ಯ ಕಥೆ ಬರೆಯಬಲ್ಲ.

ಬೀದರ್ ಪೇಟೆಯಲ್ಲಿ ಪತ್ತೇದಾರನಿಗೆ ಯೋಗ್ಯವಾದ ಇನ್ನೊಂದು ಅಂಗಡಿ ಬಿದ್ರಿಯದು. ಎಪ್ಪತ್ತೊಂದು ಅಡಿ ಎತ್ತರದ ಚೌಬಾರಾ ಗೋಪುರದ ಸುತ್ತ ನಾಲ್ಕು ದಿಕ್ಕಿಗೂ ಹೋಗುವ ಹಳೇ ಪೇಟೆಯ ದಾರಿಗಳಲ್ಲಿ ಒಮ್ಮೆ ನಡೆದರೆ ಉಳಿಯ ಸದ್ದು ಕೇಳುತ್ತದೆ. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಎನ್ನುವ ಲೆಕ್ಕದಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಆ ಕಪ್ಪಿನ ಮೇಲೆ ಉಳಿಯಿಂದ ಬಳ್ಳಿ, ಹೂವು ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಹಳೇ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಬಿಸಿ ಮಾಡಿದಾಗ ಲೋಹ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಇದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇಂಥ ಅಂಗಡಿಯ ಮಾಲಕ ಒಂದು ಹೂದಾನಿಯನ್ನು ಕೈಗೆತ್ತಿಕೊಂಡರೆ ತೂಕದಿಂದಲೇ ಅರ್ಧ ಹೇಳಬಲ್ಲ. ಅಲ್ಯೂಮಿನಿಯಂ ಆದರೆ ಹಗುರ. ಬೆರಳು ಆಡಿಸಿದರೆ ಬೆಳ್ಳಿ ಕೂರಿಸಿದ್ದೋ ಮೇಲೆ ಬಳಿದದ್ದೋ ತಿಳಿಯುತ್ತದೆ. ಕದ್ದ ಮಾಲು, ನಕಲಿ ಮಾಲು, ಹಳೆಯದರ ಹೆಸರಿನಲ್ಲಿ ಮಾರಿದ ಹೊಸ ಮಾಲು, ಈ ಮೂರರಲ್ಲಿ ಯಾವುದನ್ನು ಹಿಡಿದರೂ ಒಂದು ಕಾದಂಬರಿ. ಕಪ್ಪಿನೊಳಗೆ ಬೆಳ್ಳಿಯ ಗೆರೆಯನ್ನು ದಿನವಿಡೀ ನೋಡುವ ಕಣ್ಣು ಸುಳ್ಳನ್ನೂ ಗುರುತಿಸುತ್ತದೆ ಎಂದರೆ ಓದುಗ ನಂಬುತ್ತಾನೆ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಬೀದರ್ ಬಗ್ಗೆ ಪತ್ತೇದಾರಿ ಕಥೆಯ ಮಾತೆತ್ತಿ ಮಹಮೂದ್ ಗವಾನನ ಪ್ರಕರಣ ಬಿಡಲಾಗದು. ಅವನು ವ್ಯಾಪಾರಿ. ಇರಾನಿನ ಗೀಲಾನ್‌ನಿಂದ 1453ರಲ್ಲಿ ಸರಕು ತಂದು ದಖನಿಗೆ ಬಂದವನು ಬಹಮನಿಗಳ ವಜೀರನಾದ. ಸುಲ್ತಾನ ಅವನಿಗೆ ಕೊಟ್ಟ ಬಿರುದು ಮಲಿಕ್-ಉತ್-ತುಜ್ಜಾರ್, ವರ್ತಕರ ದೊರೆ. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಮಿನಾರು ಇವತ್ತಿಗೂ ಬೀದರಿನ ಗುರುತು. ರಷ್ಯದ ಅಫನಾಸಿ ನಿಕಿತಿನ್ ತನ್ನ ಕುದುರೆ ಮಾರಲು ಬೀದರಿಗೆ ಬಂದದ್ದೂ ಅವನ ಆಡಳಿತದ ಕಾಲದಲ್ಲೇ.

ಗವಾನನನ್ನು ಮುಗಿಸಬೇಕೆಂದ ಎದುರಾಳಿಗಳು ಹಿಡಿದದ್ದು ಅವನ ಮುದ್ರೆ ಕಾಯುವ ಸೇವಕನನ್ನು. ಇತಿಹಾಸಕಾರ ಫರಿಷ್ತಾ ಬರೆದಂತೆ, ಅವನಿಗೆ ಕುಡಿಸಿ, ಕೈ ಬೆಚ್ಚಗೆ ಮಾಡಿ, ಮಡಿಚಿದ ಖಾಲಿ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಆ ಕಾಗದದಲ್ಲಿ ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರ ಬರೆದರು. ಪತ್ರ ಮೂರನೆಯ ಮಹಮ್ಮದ್ ಶಾಹನ ಕೈ ಸೇರಿತು. ಕುಡಿದಿದ್ದ ಸುಲ್ತಾನ ಮುದುಕನನ್ನು ಕರೆಸಿ, ದ್ರೋಹಿಗೆ ಏನು ಶಿಕ್ಷೆ ಎಂದು ಕೇಳಿದ. ಮರಣವೇ ಎಂದ ಗವಾನ್. ಪತ್ರ ತೋರಿಸಿದಾಗ ಮುದ್ರೆ ತನ್ನದೇ, ಬರಹದ ಸಂಗತಿ ತನಗೆ ಗೊತ್ತಿಲ್ಲ ಎಂದು ಹೇಳಿದ. 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ ಆ ವಜೀರನ ತಲೆ ಹೋಯಿತು. ವರ್ಷ ತುಂಬುವುದರೊಳಗೆ ಸುಲ್ತಾನನೂ ಪಶ್ಚಾತ್ತಾಪದಲ್ಲಿ ತೀರಿಕೊಂಡ. ಬಹಮನಿ ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಈ ಪ್ರಕರಣ ಬಿಡಿಸಲು ಮಹಾ ಬುದ್ಧಿ ಬೇಕಿರಲಿಲ್ಲ. ಅಕ್ಷರ ಯಾರದು? ಮುದ್ರೆ ಯಾರ ವಶದಲ್ಲಿತ್ತು? ಆ ಮನುಷ್ಯ ಈಚೆಗೆ ಯಾರ ಜೊತೆ ಕೂತು ಕುಡಿದ? ಪತ್ರ ತಂದುಕೊಟ್ಟವರು ಯಾರು, ಅವರಿಗೆ ಇದರಿಂದ ಏನು ಲಾಭ? ಗಂಜಿನ ಅಡತಿ ಅಂಗಡಿಯ ಗುಮಾಸ್ತನೂ ಖೊಟ್ಟಿ ಚೀಟಿ ಕೈಗೆ ಬಂದರೆ ಹಣ ಕೊಡುವ ಮೊದಲು ಇಷ್ಟು ಕೇಳುತ್ತಾನೆ. ಒಂದು ರಾತ್ರಿ ತಡೆದಿದ್ದರೆ ಸಾಕಿತ್ತು. ದರ್ಬಾರಿನಲ್ಲಿ ಯಾರೂ ಕೇಳಲಿಲ್ಲ, ತಡೆಯಲಿಲ್ಲ.

ಎರಡನೆಯ ಸಾವು ತೀರಾ ಈಚಿನದು, ಬರೆಯಲು ಕೈ ಹಿಂಜರಿಯುತ್ತದೆ. 2018ರ ಜುಲೈ 13ರಂದು ಹೈದರಾಬಾದಿನಿಂದ ಗೆಳೆಯರ ಗುಂಪೊಂದು ಔರಾದ್ ಕಡೆಗೆ ಬಂದಿತ್ತು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ವಿದೇಶದ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಎಂಬ ಹಳ್ಳಿಯ ಹತ್ತಿರ ಜನ ದಾರಿ ಅಡ್ಡಗಟ್ಟಿದರು. ಕಾರು ಉರುಳಿತು. ಒಬ್ಬ ತರುಣ ಎಂಜಿನಿಯರ್ ಹೊಡೆತಕ್ಕೆ ಸತ್ತ, ಜೊತೆಯವರು ತೀವ್ರವಾಗಿ ಗಾಯಗೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು.

ದಾರಿ ಅಡ್ಡಗಟ್ಟಿದವರೆಲ್ಲ ಆ ಹೊತ್ತಿಗೆ ತಾವು ಪತ್ತೆ ಹಚ್ಚಿದ್ದೇವೆ ಎಂದೇ ನಂಬಿದ್ದರು. ಅಪರಿಚಿತರು, ಕಾರು, ಚಾಕೊಲೇಟ್, ಮಕ್ಕಳು. ಸುಳಿವುಗಳು ಕೂಡಿಬಂದವು ಎಂದುಕೊಂಡರು. ಅನುಮಾನಕ್ಕೂ ಆರೋಪಕ್ಕೂ ನಡುವೆ ಇರಬೇಕಾದ ವೇಳೆ ಅಲ್ಲಿ ಇರಲಿಲ್ಲ. ಯಾರ ಮನೆಗೆ ಬಂದಿರಿ, ಯಾರು ಪರಿಚಯ ಎಂದು ಒಬ್ಬ ಹಿರಿಯ ನಿಲ್ಲಿಸಿ ಕೇಳಿ, ಉತ್ತರ ಬರುವವರೆಗೆ ಉಳಿದವರನ್ನು ತಡೆದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಂಗಡಿಕಾರ ಪತ್ತೇದಾರನ ಕಥೆ ನಮಗೆ ಬೇಕು ಎಂದು ನಾನು ಹೇಳುವುದು ಇದಕ್ಕೇ. ಆ ಕಥೆಯ ಜೀವಾಳ ನಿಧಾನ. ಎಲ್ಲರೂ ಒಬ್ಬನತ್ತ ಬೆರಳು ತೋರಿಸುವಾಗ ಗಲ್ಲಾದ ಹಿಂದಿನ ಮನುಷ್ಯ ಖಾತೆ ತೆರೆದು, ತಡೀರಿ, ಆ ದಿನ ಸಂಜೀಕ ಇವ ನನ್ನ ಅಂಗಡ್ಯಾಗ ಇದ್ದ ಎನ್ನುತ್ತಾನೆ. ಆ ಮಾತನ್ನು ಇನ್ನೂರು ಪುಟ ಕುತೂಹಲದಿಂದ ಕಾದು ಓದಿದ ಹುಡುಗನಿಗೆ ಫೋನಿಗೆ ಬಂದ ಸುದ್ದಿಯನ್ನು ಒಂದು ಕ್ಷಣ ತಡೆದು ನೋಡುವ ಅಭ್ಯಾಸ ಬರಬಹುದು. ಇದು ಸಾಹಿತ್ಯದ ಮೇಲೆ ಹೊರಿಸುವ ಭಾರವೇ ಇರಬಹುದು. ಹೊರಿಸಬಾರದ ಭಾರ ಎಂದು ನನಗೆ ಅನಿಸುವುದಿಲ್ಲ.

ಈ ಪ್ರಕಾರದ ಮೇಲಿನ ಆಕ್ಷೇಪಣೆಗಳಲ್ಲಿ ಒಂದು ಗಟ್ಟಿಯಾದದ್ದು. ಕೋಜಿ ಕಥೆಯಲ್ಲಿ ಕೊನೆಗೆ ಎಲ್ಲ ಸರಿಹೋಗುತ್ತದೆ, ಊರು ಮತ್ತೆ ತಣ್ಣಗಾಗುತ್ತದೆ. ನಮ್ಮ ಊರುಗಳಲ್ಲಿ ಕೊಲೆಯ ಹಿಂದೆ ಜಾತಿ ಇರುತ್ತದೆ, ಹೊಲದ ಬದು ಇರುತ್ತದೆ, ಅನುಮಾನ ಮೊದಲು ಬೀಳುವುದು ಬಡವರ ಕೇರಿಯ ಮೇಲೆ. ಅದನ್ನು ಮುಚ್ಚಿ ಬರೆದರೆ ಕಥೆ ಸುಳ್ಳಾಗುತ್ತದೆ. ಒಪ್ಪುತ್ತೇನೆ. ಆದರೆ ಅನುಮಾನ ಯಾರ ಮೇಲೆ ಯಾಕೆ ಮೊದಲು ಬಿತ್ತು ಎನ್ನುವುದನ್ನೇ ಕಥೆಯ ಮೊದಲ ಪ್ರಶ್ನೆ ಮಾಡಬಹುದು. ಅಂಗಡಿಯವನೂ ಒಂದು ಜಾತಿಯವನೇ, ಬಡ್ಡಿ ತಿಂದವನೂ ಇದ್ದಾನು. ಅವನ ಖಾತೆಯಲ್ಲಿ ಅವನದೇ ತಪ್ಪುಗಳೂ ಬರೆದಿರುತ್ತವೆ. ತೇಜಸ್ವಿ ಇದನ್ನೆಲ್ಲ ಒಳಗೆ ತಂದರೂ ಕಥೆಯ ಸೊಗಸು ಕೆಡಲಿಲ್ಲ. ಈಗ ಉದ್ರಿ ಖಾತೆ ಎಲ್ಲಿದೆ, ಎಲ್ಲರೂ ಫೋನ್‌ನಿಂದಲೇ ಕೊಡುತ್ತಾರೆ ಎನ್ನುವುದು ಇನ್ನೊಂದು ಆಕ್ಷೇಪ. ಇದಕ್ಕೆ ಹೆಚ್ಚು ಮಾತು ಬೇಡ. ಹಣ ಬಂದ ಕೂಡಲೇ ಮೊತ್ತವನ್ನು ಅಂಗಡಿ ತುಂಬ ಕೂಗಿ ಹೇಳುವ ಆ ಪೆಟ್ಟಿಗೆ ಇದೆಯಲ್ಲ, ಪತ್ತೇದಾರಿ ಕಥೆಗಾರನಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕುವುದು ಕಷ್ಟ. ಉದ್ರಿಯೂ ಎಲ್ಲಿಗೂ ಹೋಗಿಲ್ಲ. ಸೋಯಾ ಬರುವ ಮುಂಚಿನ ತಿಂಗಳುಗಳಲ್ಲಿ ಔರಾದಿನ ಯಾವ ಅಂಗಡಿಯಲ್ಲಿ ನಿಂತರೂ ಅದು ಕಾಣುತ್ತದೆ.

ಬೀದರಿನಲ್ಲಿ ಮೂರು ಸಲ, 1960ರಲ್ಲಿ, 1985ರಲ್ಲಿ ಮತ್ತು 2006ರಲ್ಲಿ, ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿದೆ. ವಚನ, ತತ್ವಪದ, ಗಡಿನಾಡ ಕನ್ನಡ ಎಲ್ಲದರ ಬಗ್ಗೆಯೂ ಈ ನೆಲದಲ್ಲಿ ಗೋಷ್ಠಿಗಳಾಗಿವೆ. ಇನ್ನು ಜಿಲ್ಲೆಯ ಸಾಹಿತ್ಯ ಪರಿಷತ್ತು, ಭಾಲ್ಕಿ, ಔರಾದಿನ ಕಾಲೇಜುಗಳ ಕನ್ನಡ ವಿಭಾಗಗಳು ಒಂದು ಪತ್ತೇದಾರಿ ಕಥಾ ಕಮ್ಮಟ ನಡೆಸಲಿ. ಪತ್ರಿಕೆಗಳು ದೀಪಾವಳಿ ವಿಶೇಷಾಂಕದ ಕಥಾ ಸ್ಪರ್ಧೆಯಲ್ಲಿ ರಹಸ್ಯ ಕಥೆಗೂ ಒಂದು ಬಹುಮಾನ ಇಡಲಿ. ಬರೆಯಬೇಕೆಂದಿರುವ ತರುಣ ತರುಣಿಯರಿಗೆ ನನ್ನದೊಂದು ಕೋರಿಕೆ. ಕೊಲೆಗಾರನನ್ನು ಯೋಚಿಸುವ ಮೊದಲು ನಿಮ್ಮ ಓಣಿಯ ಅಂಗಡಿಯಲ್ಲಿ ಒಂದು ಸಂಜೆ ಕೂತುಕೊಳ್ಳಿ, ಯಾರು ಏನು ಒಯ್ದರು ಎಂದು ನೋಡಿ, ನಿಮ್ಮೂರ ಮಾತಿನಲ್ಲೇ ಬರೆದುಕೊಳ್ಳಿ. ಗೋರನಳ್ಳಿಯ ಹತ್ತಿರ ಗವಾನನ ಗೋರಿ ಇದೆ, ಬೀದರ್ ಪೇಟೆಯಿಂದ ದೂರವೇನಿಲ್ಲ. ಬರೆಯುವ ಮುಂಚೆ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.